ವೀಲಿಂಗ್ ಕಂಡ ಆರ್‌ಎಕ್ಸ್ 100: ಕೊಳ್ಳುವ ಮುಂಚೆ ಟ್ಯಾಂಕ್ ಬಿಚ್ಚಿಸಿ

ಉಡುಪಿ, ಮಂಗಳೂರಿನಲ್ಲಿ ಐವತ್ತರ ಆಸುಪಾಸಿನ ನಾಲ್ಕು ಬೈಕ್ ಸವಾರರು ಸೇರಿದರೆ ಮಾತು ಯಮಹಾದ ಹಳೇ ಬೈಕ್ ಆರ್‌ಎಕ್ಸ್ 100ಕ್ಕೆ ಬಂದೇ ಬರುತ್ತದೆ. ಯಾರು ಎಷ್ಟು ದೂರ ಮುಂದಿನ ಚಕ್ರ ಎತ್ತಿಕೊಂಡು ಹೋದದ್ದು ಎಂಬ ಲೆಕ್ಕ ವರ್ಷಕ್ಕೆ ಹತ್ತು ಮೀಟರ್ ಬೆಳೆಯುವುದೂ ಉಂಟು. ಅದೇ ಗುಂಗಿನಲ್ಲಿ ಈಗ ಹಳೇ ಗಾಡಿ ಹುಡುಕುವವರು ಒಂದು ಮಾತು ನೆನಪಿಡಿ: ನಿಮಗೆ ಸಿಗುವ ಗಾಡಿಯಲ್ಲೂ ಯಾರೋ ವೀಲಿಂಗ್ ಮಾಡಿಯೇ ಇರುತ್ತಾರೆ.

ಗಾಡಿಯ ಬಗ್ಗೆ ತಕರಾರಿಲ್ಲ. 98 ಸಿಸಿ ಟೂ-ಸ್ಟ್ರೋಕ್, 11 ಬಿಎಚ್‌ಪಿ, ತೂಕ ನೂರು ಕೆಜಿ ಚಿಲ್ಲರೆ. ಎಂಜಿನ್ ಸ್ಪೀಡ್ ಏರಿದ ಮೇಲೆ ಪವರ್ ಒಮ್ಮೆಲೇ ನುಗ್ಗುತ್ತದೆ. ಫಸ್ಟ್ ಗೇರಿನಲ್ಲಿ ಆ ಹೊತ್ತಿಗೆ ಕ್ಲಚ್ ಚಟ್ಟನೆ ಬಿಟ್ಟರೆ ಹಗುರ ಮೂತಿ ಏಳದೆ ಏನು ಮಾಡೀತು? ಎದ್ದದ್ದಕ್ಕೆ ಪೆಟ್ಟು ತಿನ್ನುವುದು ಕ್ಲಚ್ ಮತ್ತು ಚೇನ್. ಧಡ್ ಎಂದು ಇಳಿದದ್ದಕ್ಕೆ ಪೆಟ್ಟು ತಿನ್ನುವುದು ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಫೋರ್ಕ್ (ಮುಂದಿನ ಚಕ್ರ ಹಿಡಿದ ಕೊಳವೆಗಳು), ಫ್ರೇಮಿನ ಕುತ್ತಿಗೆ. ಈ ಎರಡನೆಯದೇ ದುಬಾರಿ.

ಮೊದಲು ಕೋನ್‌ಸೆಟ್. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಅದುಮಿ ಹಿಡಿಯಲಿ. ಮುಂದಿನ ಚಕ್ರ ನೆಲ ಬಿಟ್ಟ ಮೇಲೆ ಹ್ಯಾಂಡಲನ್ನು ಎರಡೇ ಬೆರಳಿನಿಂದ ಎಡದಿಂದ ಬಲಕ್ಕೆ ನಿಧಾನ ತಿರುಗಿಸಿ. ಎಣ್ಣೆಯಲ್ಲಿ ಜಾರಿದ ಹಾಗೆ ಹೋಗಬೇಕು. ನಡುವೆ, ನೇರಕ್ಕೆ ಬಂದಾಗ, ಕಟ್ ಎಂದು ಕೂತುಕೊಂಡರೆ ಬಾಲ್‌ಗಳು ಕಪ್ಪಿನಲ್ಲಿ ಗುಂಡಿ ತೋಡಿವೆ ಎಂದರ್ಥ. ಮಾರುವವರು ಮೇಲಿನ ನಟ್ಟು ಸ್ವಲ್ಪ ಬಿಗಿ ಮಾಡಿ ಅದನ್ನು ಮುಚ್ಚಿಡುತ್ತಾರೆ. ಆಗ ಹ್ಯಾಂಡಲ್ ಗಟ್ಟಿಯಾಗಿ, ಗಾಡಿ ನೇರ ರಸ್ತೆಯಲ್ಲೂ ಅತ್ತಿತ್ತ ತೂಗುತ್ತದೆ. ಬಾಲ್ ಮಾತ್ರ ಬದಲಿಸಿದರೆ ಪ್ರಯೋಜನ ಇಲ್ಲ, ಮೇಲಿನ ಕೆಳಗಿನ ಕಪ್ಪು, ಕೋನು ಎಲ್ಲ ಒಟ್ಟಿಗೆ ಹೋಗಬೇಕು. ಹೊಸ ಕಪ್ಪನ್ನು ಒಂದೇ ಬದಿ ಬಡಿದು ಕೂರಿಸಿದರೆ ಓರೆಯಾಗಿ ಕೂತು, ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಸುತ್ತ ಸಮನಾಗಿ ಬಡಿದು, ಗ್ರೀಸ್ ತುಂಬಿ, ಚಕ್ರ ತನ್ನ ಭಾರಕ್ಕೇ ಎರಡೂ ಕಡೆ ಬೀಳುವಷ್ಟು, ಆದರೆ ಸಡಿಲ ಇಲ್ಲದಷ್ಟು ಬಿಗಿ ಮಾಡಬೇಕು.

ಫೋರ್ಕ್ ಕೊಳವೆಯ ಮೇಲೆ ಉಗುರು ಎಳೆದು ನೋಡಿ. ನಮ್ಮ ಉಪ್ಪು ಗಾಳಿಗೆ ಕ್ರೋಮ್ ಚುಕ್ಕೆಚುಕ್ಕೆಯಾಗಿ ಏಳುತ್ತದೆ. ಉಗುರು ತಡೆದರೆ ಹೊಸ ಆಯಿಲ್ ಸೀಲ್ ಹಾಕಿದರೂ ಅದು ಹರಿದು ಬೇಗ ಸೋರುತ್ತದೆ. ಮಲ್ಪೆ ಬೀಚಿನ ಒದ್ದೆ ಮರಳಲ್ಲಿ ಮೆರೆದ ಗಾಡಿಯಾದರೆ ಬ್ರೇಕ್ ಡ್ರಮ್ಮೂ ಬಿಚ್ಚಿಸಿ.

ಇನ್ನು ಟ್ಯಾಂಕ್. ಫ್ರೇಮಿನ ಕುತ್ತಿಗೆ ಅಡಗಿರುವುದು ಅದರ ಕೆಳಗೇ. ಒಂದು ಬೋಲ್ಟ್, ಒಂದು ಪೆಟ್ರೋಲ್ ಪೈಪ್, ಐದು ನಿಮಿಷದ ಕೆಲಸ. ಬಿಚ್ಚಲು ಒಪ್ಪದವರ ಗಾಡಿ ಬೇಡವೇ ಬೇಡ ಮಾರಾಯ್ರೆ. ಕುತ್ತಿಗೆಯ ಬೆಸುಗೆಯ ಕೆಳಗಡೆ ಪೇಂಟ್ ಕೂದಲಿನಷ್ಟು ಬಿರಿದು, ಆ ಗೆರೆಯಲ್ಲಿ ತುಕ್ಕು ಇಳಿದಿದೆಯಾ ನೋಡಿ. ಆ ಜಾಗದಲ್ಲಿ ಮಾತ್ರ ಹೊಸ ಪೇಂಟ್ ಇದ್ದರೆ ಇನ್ನೂ ಕೆಟ್ಟದು. ಬೆಲೆ ಇಳಿಸಿ ಕೊಟ್ಟರೂ ಅಂಥದ್ದು ಬೇಡ. ಹಿಂದೆ ನಂಬರ್ ಪ್ಲೇಟಿನ ಬ್ರಾಕೆಟ್, ಟೇಲ್ ಲ್ಯಾಂಪಿನ ಬುಡ ಬೆಸುಗೆ ಕಂಡಿದ್ದರೆ, ಎತ್ತಿದವನು ಹಿಂದಕ್ಕೇ ಮಗುಚಿದ್ದಿರಬಹುದು. ಮುಂದಿನ ಚಕ್ರ ಇಳಿಸಲು ಹಿಂದಿನ ಬ್ರೇಕ್ ಒತ್ತಬೇಕೆಂದು ಎಲ್ಲರಿಗೂ ಗೊತ್ತಿರಲಿಲ್ಲ!

ಚೇನನ್ನು ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಬೆರಳಿನಿಂದ ಎಳೆಯಿರಿ. ಅರ್ಧ ಹಲ್ಲು ಕಂಡರೆ ಚೇನ್, ಸ್ಪ್ರಾಕೆಟ್ ಪೂರ್ತಿ ಸೆಟ್ ಬದಲಿಸಬೇಕು. ಚಕ್ರ ಹಿಡಿದು ಸ್ಪ್ರಾಕೆಟ್ ಅಲುಗಿಸಿದಾಗ ಸಡಿಲ ಇದ್ದರೆ ಹಬ್ ರಬ್ಬರ್ ಹೋಗಿದೆ. ಇವೆಲ್ಲ ಸಣ್ಣ ಖರ್ಚು.

ಎಂಜಿನ್ನಿಗೆ ಸಂಬಂಧಿಸಿ ಕೇಳಲೇಬೇಕಾದ ಪ್ರಶ್ನೆ ಒಂದುಂಟು: ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಜೊತೆ ಸುಡುವ ಆಯಿಲ್) ಪಂಪ್ ಕೆಲಸ ಮಾಡುತ್ತಿದೆಯಾ, ಮುಚ್ಚಿದ್ದಾರಾ? ಸುಮಾರು ಗಾಡಿಗಳಲ್ಲಿ ಅದನ್ನು ಕಿತ್ತು, ಪೆಟ್ರೋಲಿಗೇ ಲೀಟರಿಗೆ 30 ಮಿಲಿಯಂತೆ ಆಯಿಲ್ ಬೆರೆಸುತ್ತಾರೆ. ಗೊತ್ತಿಲ್ಲದೆ ಬರೀ ಪೆಟ್ರೋಲ್ ತುಂಬಿಸಿ ಹೊರಟರೆ ಮನೆ ಮುಟ್ಟುವ ಮೊದಲೇ ಪಿಸ್ಟನ್ ಜಾಮ್ ಆದೀತು. ಬಿಸಿಯಾದ ಮೇಲೂ ಬಿಳಿ ಹೊಗೆ ದಟ್ಟವಾಗಿ ಬಂದು, ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಎಂಜಿನ್ ಗೇರ್ ಆಯಿಲನ್ನೇ ಎಳೆದು ಸುಡುತ್ತಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಬೌಲ್ (ಅದರಡಿ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ ಮಾಡಿಡಿ.

ಆರ್‌ಸಿ 15 ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು; ತಾರೀಕು ನೋಡಿ, ಚಾಸಿ ನಂಬರ್ ನೀವೇ ಓದಿ. ಓಡಿಸಿ ನೋಡಲು ಉಡುಪಿಯವರಿಗೆ ಕಲ್ಸಂಕದಿಂದ ಮಣಿಪಾಲದ ಏರು ಸಾಕು. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಸದ್ದು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಪ್ಲೇಟ್ ಸುಟ್ಟಿದೆ. ಅದರ ದುಡ್ಡನ್ನು ಅಲ್ಲೇ ಬೆಲೆಯಲ್ಲಿ ಕಡಿಸಿ.