ವೀಸಾ ನವೀಕರಣ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡುವ ಮುಂಚೆ ಇದನ್ನು ಓದಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಮಕ್ಕಳನ್ನೋ ತಮ್ಮ-ತಂಗಿಯರನ್ನೋ ಅಮೆರಿಕಕ್ಕೆ ಓದಲು ಕಳಿಸಿದವರು ದಯವಿಟ್ಟು ಪೂರ್ತಿ ಓದಿ. ಬಳ್ಳಾರಿಯ ಒಬ್ಬ ವೀಸಾ ಏಜೆಂಟನಿಗೆ ಹಣ ಕೊಟ್ಟು ಮೋಸ ಹೋದೆ, ಬರೆಯಲು ನಾಚಿಕೆಯಾಗುತ್ತಿದೆ. ಎಷ್ಟು ಹಣ ಹೋಯಿತೆಂದು ಮನೆಯಲ್ಲಿಯೂ ಬಹಳ ದಿನ ಹೇಳಿರಲಿಲ್ಲ. ಆದರೆ ಮೊನ್ನೆ ಗಂಗಾವತಿಯವರೇ ಒಬ್ಬರು ಆ ಏಜೆಂಟನ ಕಚೇರಿಯ ಚೀಟಿ ಹಿಡಿದು ನನ್ನ ಗೊಬ್ಬರದ ಅಂಗಡಿಗೆ ಬಂದು, "ನಿಮ್ಮ ತಮ್ಮನ ಕೆಲಸವನ್ನೂ ಇವರೇ ಮಾಡಿಕೊಟ್ಟರಂತಲ್ಲ?" ಎಂದು ಕೇಳಿದರು. ನನ್ನ ಹೆಸರು ಹೇಳಿ ಗಿರಾಕಿ ಹಿಡಿಯುತ್ತಿದ್ದಾನೆ! ಆಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನ ತಮ್ಮ 2021ರ ಜನವರಿಯಲ್ಲಿ ಪಿಎಚ್‌ಡಿಗೆ ಹೋದವನು. ಐದು ವರ್ಷದ ಎಫ್-1 (ವಿದ್ಯಾರ್ಥಿ) ವೀಸಾ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಓದು ಇನ್ನೂ ಬಾಕಿ. ಡಿಸೆಂಬರ್ ಮೊದಲ ವಾರ ತಂಗಿಯ ಮದುವೆ. ಊರಿಗೆ ಬಂದಾಗಲೇ ನವೀಕರಿಸಿಕೊಂಡು ಹೋಗಲಿ, ಅವನು ಪ್ರಬಂಧ ಬರೆಯುವ ಗಡಿಬಿಡಿಯಲ್ಲಿದ್ದಾನೆ, ಈ ಓಡಾಟ ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಅವನಿಂದ ಪಾಸ್‌ಪೋರ್ಟ್ ಪ್ರತಿ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ತರಿಸಿಕೊಂಡು 2025ರ ಸೆಪ್ಟೆಂಬರ್ ಮೂರನೇ ವಾರ ಕಂಪ್ಲಿ ಮೇಲೆ ಬಳ್ಳಾರಿಯ ಆ ಏಜೆಂಟನ ಕಚೇರಿಗೆ ಹೋದೆ.

ಆ ಮನುಷ್ಯ ಮೊದಲು ಮಾಡಿದ ಕೆಲಸ ಹೆದರಿಸಿದ್ದು. "ವೀಸಾ ಮುಗಿದ ಮರುದಿನದಿಂದ ನಿಮ್ಮ ತಮ್ಮ ಅಲ್ಲಿ ಅಕ್ರಮ ವಾಸಿ ಸರ್, ಹಿಡಿದು ಕಳಿಸುತ್ತಾರೆ" ಎಂದ. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮವರಿಗೆ ಕೈಕೋಳ ಹಾಕಿ ಅಮೃತಸರಕ್ಕೆ ತಂದಿಳಿಸಿದ ವಿಮಾನದ ಸುದ್ದಿಯನ್ನು ತನ್ನ ಮೊಬೈಲ್‌ನಲ್ಲಿ ತೆರೆದು ತೋರಿಸಿದ. ನನಗೆ ಕೈಕಾಲು ಆಡಲಿಲ್ಲ. ಆಮೇಲೆ ತಾನೇ ಸಮಾಧಾನ ಹೇಳಿದ: "ಚಿಂತೆ ಬೇಡ, ಡ್ರಾಪ್‌ಬಾಕ್ಸ್‌ನಲ್ಲಿ ಮಾಡಿಸುತ್ತೇನೆ. ಸಂದರ್ಶನವೇ ಇರುವುದಿಲ್ಲ, ಕಾಗದ ಕೊಟ್ಟು ಬಂದರೆ ಸಾಕು."

ಲೆಕ್ಕ ಬರೆದುಕೊಟ್ಟ. ವೀಸಾ ಅರ್ಜಿಗೆ 185 ಡಾಲರ್, ಸೆವಿಸ್‌ಗೆ (ಅಮೆರಿಕ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ವ್ಯವಸ್ಥೆ) 350, ಹೊಸದಾಗಿ ಬಂದ ಶುಲ್ಕ ಎಂದು 250. ಒಟ್ಟು 785 ಡಾಲರ್, 69 ಸಾವಿರ ರೂಪಾಯಿ. ಅವನ ಕೂಲಿ 15 ಸಾವಿರ. ₹84,000 ಕೊಟ್ಟೆ. ರೈತರಿಂದ ಉದ್ರಿ ವಸೂಲಿಯಾಗದೆ ಒದ್ದಾಡುತ್ತಿದ್ದ ಹೊತ್ತಿನಲ್ಲಿ ಕೊಟ್ಟೆ.

ರಾತ್ರಿ ತಮ್ಮನಿಗೆ ಆ ಚೀಟಿಯ ಚಿತ್ರ ಕಳಿಸಿದೆ. ಐದು ನಿಮಿಷಕ್ಕೆ ಕರೆ ಬಂತು. "ಅಣ್ಣಾ, ಸೆವಿಸ್ ಶುಲ್ಕವನ್ನು ಬರುವಾಗಲೇ ಕಟ್ಟಿದ್ದೆವಲ್ಲ. ಅದೇ ಸೆವಿಸ್ ಸಂಖ್ಯೆಯಲ್ಲಿ ಓದು ಮುಂದುವರಿಸುವವರು ಮತ್ತೆ ಕಟ್ಟಬೇಕಿಲ್ಲ. ಈ 250 ಡಾಲರ್ ಶುಲ್ಕ ಜುಲೈನ ಕಾನೂನಿನಲ್ಲಿದೆ, ನಿಜ, ಆದರೆ ವಸೂಲಿಯೇ ಶುರುವಾಗಿಲ್ಲ. ಮತ್ತೆ ಡ್ರಾಪ್‌ಬಾಕ್ಸ್... ಅಣ್ಣಾ, ವಿದ್ಯಾರ್ಥಿಗಳಿಗೆ ಅದು ಸೆಪ್ಟೆಂಬರ್ 2ಕ್ಕೇ ನಿಂತುಹೋಗಿದೆ."

ಸೆಪ್ಟೆಂಬರ್ 2! ನಾನು ಹಣ ಎಣಿಸಿ ಕೊಟ್ಟಿದ್ದು ಅದಾದ ಎರಡು ವಾರಕ್ಕೆ. ಇಲ್ಲದ ಸೌಲಭ್ಯವನ್ನು ನನ್ನೆದುರು ಕೂತು, ಚಹಾ ತರಿಸಿ ಕುಡಿಸಿ, ಮಾರಿದ್ದ. ಆ ಚಹಾ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಬೆಂಕಿ ಏಳುತ್ತದೆ.

ಇನ್ನು ಆ ಹೆದರಿಕೆಯ ಮಾತು. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಆ ದೇಶದ ಬಾಗಿಲು ದಾಟಲು ಮಾತ್ರ. ಒಳಗೆ ಇದ್ದು ಓದುವುದಕ್ಕೆ ಬೇಕಾದದ್ದು ಚಾಲ್ತಿಯಲ್ಲಿರುವ ಐ-20, ನಿಯಮದಂತೆ ನಡೆಯುತ್ತಿರುವ ಓದು. ತಮ್ಮನ ಐ-94ರಲ್ಲಿ, ಅಂದರೆ ಆ ದೇಶ ಪ್ರವೇಶಿಸಿದ ದಾಖಲೆಯಲ್ಲಿ, ತಾರೀಖಿನ ಜಾಗದಲ್ಲಿ ಡಿ/ಎಸ್ ಎಂದಿದೆ, ಓದು ನಡೆಯುವಷ್ಟು ಕಾಲ ಇರಬಹುದು ಎಂದರ್ಥ. ವೀಸಾ ಮುಗಿದರೂ ಅವನು ಅಲ್ಲಿ ಕೂತು ಓದಬಹುದಿತ್ತು. ದೇಶ ಬಿಟ್ಟು ಹೊರಗೆ ಬಂದರೆ ಮಾತ್ರ, ಮರಳಿ ಹೋಗಲು ಹೊಸ ವೀಸಾ ಬೇಕು. ಇಷ್ಟನ್ನು ಮೊದಲೇ ತಮ್ಮನನ್ನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಮರುದಿನ ಏಜೆಂಟನಿಗೆ ಕರೆ ಮಾಡಿದೆ. "ನಿಯಮ ದಿನಕ್ಕೊಂದು ಬದಲಾದರೆ ನಾವೇನು ಮಾಡಲು ಆಗುತ್ತದೆ ಸರ್?" ಸೆವಿಸ್ ಹಣ ಏಕೆ ತೆಗೆದುಕೊಂಡಿರಿ ಎಂದೆ. "ಅದು ಪ್ರಕ್ರಿಯೆಯಲ್ಲಿದೆ." ಕಟ್ಟಿದ ರಸೀದಿ ಕೊಡಿ ಎಂದೆ. "ಪ್ರಕ್ರಿಯೆಯಲ್ಲಿದೆ." ಹಣ ವಾಪಸ್ ಕೊಡಿ ಎಂದೆ. "ಚೀಟಿಯ ಹಿಂದೆ ಬರೆದಿದೆ, ಹಣ ಹಿಂದಿರುಗಿಸುವುದಿಲ್ಲ ಎಂದು. ನೀವು ಓದಿದವರಲ್ಲವೇ ಸರ್, ಸಹಿ ಮಾಡುವ ಮುಂಚೆ ನೋಡಬೇಕಿತ್ತು." ನೀವು ಓದಿದವರಲ್ಲವೇ! ಈ ಮಾತು ₹84,000ಕ್ಕಿಂತ ಹೆಚ್ಚು ಚುಚ್ಚಿತು.

ಹಣ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಅವನು ವೀಸಾ ಸಂದರ್ಶನದ ದಿನ ಗೊತ್ತುಮಾಡುವ ಜಾಲತಾಣದಲ್ಲಿ ತಮ್ಮನ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ತನ್ನದೇ ಇಮೇಲ್‌ನಲ್ಲಿ ಖಾತೆ ತೆರೆದಿದ್ದ. ಪಾಸ್‌ವರ್ಡ್ ಕೊಡಲೊಪ್ಪಲಿಲ್ಲ. ತಮ್ಮನೇ ಬೇರೆ ಖಾತೆ ತೆರೆಯಲು ಹೋದರೆ ಈ ಸಂಖ್ಯೆ ಈಗಾಗಲೇ ಇದೆ ಎಂದು ಬಂತು. ಡಿಎಸ್-160 ಎಂಬ ವೀಸಾ ಅರ್ಜಿಯನ್ನೂ ಏಜೆಂಟನೇ ತುಂಬಿ ಕಳಿಸಿದ್ದ. ಐದು ವರ್ಷದಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನು ಬರೆಯಬೇಕಾದ ಕಡೆ "ಯಾವುದೂ ಇಲ್ಲ" ಎಂದು ಹಾಕಿದ್ದ! ತಮ್ಮನಿಗೆ ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್ ಎರಡೂ ಇವೆ. ವಿದ್ಯಾರ್ಥಿಗಳ ಈ ಖಾತೆಗಳನ್ನು ವೀಸಾ ಅಧಿಕಾರಿಗಳು 2025ರ ಜೂನ್‌ನಿಂದ ತೆರೆದು ನೋಡುತ್ತಿದ್ದಾರೆ. ಆ ಸುಳ್ಳು ತಮ್ಮನ ತಲೆಗೆ ಬರುತ್ತಿತ್ತು, ಏಜೆಂಟನ ತಲೆಗಲ್ಲ.

ಖಾತೆ ಬಿಡಿಸಿಕೊಳ್ಳುವಷ್ಟರಲ್ಲಿ ನವೆಂಬರ್ ಬಂತು. ಹೈದರಾಬಾದ್, ಚೆನ್ನೈ ಎರಡರಲ್ಲೂ ಅವನ ರಜೆಯೊಳಗೆ ಸಂದರ್ಶನದ ದಿನ ಸಿಗಲಿಲ್ಲ. ಬಂದು ವೀಸಾ ಸಿಗದೆ ಇಲ್ಲೇ ಉಳಿದರೆ ಐದು ವರ್ಷದ ಓದು ಏನಾಗಬೇಕು? ಟಿಕೆಟ್ ರದ್ದು ಮಾಡಿದ. ತಂಗಿಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅಲ್ಲಿ ನಡುರಾತ್ರಿ; ಅವನು ಮೊಬೈಲ್ ಪರದೆಯಲ್ಲಿದ್ದ. ಅವ್ವ ಆ ಮೊಬೈಲನ್ನು ಕೈಯಿಂದ ಕೆಳಗಿಡಲಿಲ್ಲ.

ವೀಸಾ ಖಾತೆಯನ್ನು ಓದಲು ಹೋದವರೇ ತೆರೆಯಲಿ, ಅರ್ಜಿಯನ್ನು ಅವರೇ ತುಂಬಲಿ. ಏನೇ ಸಂಶಯವಿದ್ದರೂ ಅವರ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಲಿ, ಐ-20 ಕೊಡುವವರೇ ಅವರು. ಡ್ರಾಪ್‌ಬಾಕ್ಸ್ ಎಂದು ಯಾರಾದರೂ ಬಾಯಿ ಬಿಟ್ಟರೆ ಕುರ್ಚಿಯಿಂದ ಎದ್ದು ಬನ್ನಿ. ಅವರು ಕೊಡುವ ಚಹಾ ಕುಡಿಯಬೇಡಿ.

ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಿದ್ಧ ಮಾಡಿದ್ದೇನೆ. ಕಚೇರಿ ಬಳ್ಳಾರಿಯಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಸುದ್ದಿ ಮುಟ್ಟಿದ ಮೇಲೆ ಏಜೆಂಟನೇ ಕರೆ ಮಾಡಿ, "20 ಸಾವಿರ ಕೊಡುತ್ತೇನೆ, ಇಲ್ಲಿಗೆ ಬಿಟ್ಟುಬಿಡಿ" ಎಂದ. ನಾನು ಒಪ್ಪಿಲ್ಲ. ಹೀಗೆ ಹಣ ಕೊಟ್ಟು ಕೂತವರು ನಿಮ್ಮಲ್ಲಿ ಇನ್ನೂ ಇದ್ದರೆ ಚೀಟಿ, ಸಂದೇಶ ಯಾವುದನ್ನೂ ಅಳಿಸಬೇಡಿ. ನನ್ನ ಜೊತೆ ಬನ್ನಿ.