ಕೆಟಲ್ ಗ್ರಿಲ್, ಗುಜರಿ ಪಾತ್ರೆ, ಹೂಕುಂಡ: ಹೊಗೆ ಹಾಕಲು ಯಾವುದು ಒಳ್ಳೇದು?

ನನ್ನ ಹತ್ತಿರ 14 ಇಂಚಿನ ಒಂದು ಪುಟ್ಟ ಕೆಟಲ್ ಗ್ರಿಲ್ ಇದೆ, ಅಂದರೆ ಇದ್ದಿಲು ಹಾಕುವ ದುಂಡು ಬಟ್ಟಲು, ಮೇಲೊಂದು ಮುಚ್ಚಳ. ಡಿಕ್ಕಿಯಲ್ಲಿ ಹಾಕಿಕೊಂಡು ನಮ್ಮ ಮಂಗಳೂರಿನ ಪಣಂಬೂರು ಬೀಚಿಗೋ ಸೋಮೇಶ್ವರ ಬೀಚಿಗೋ ಹೋಗಬಹುದು, ಅಷ್ಟು ಚಿಕ್ಕದು. ಸ್ನೇಹಿತನೊಬ್ಬ ಬೆಂಗಳೂರಿಗೆ ಮನೆ ಬದಲಿಸುವಾಗ "ಇದು ನೀನೇ ಇಟ್ಕೋ ಮಾರಾಯ, ಅಲ್ಲಿ ಬಾಲ್ಕನಿಯೇ ಇಲ್ಲ" ಅಂತ ಕೊಟ್ಟು ಹೋದ. ಬಂಗುಡೆ ಸುಡಲು, ಕೋಳಿ ಸುಡಲು ಏನೂ ತೊಂದರೆ ಇರಲಿಲ್ಲ. ಆದರೆ ನನಗೆ ಬೇಕಿದ್ದದ್ದು ಸುಟ್ಟದ್ದಲ್ಲ, ಹೊಗೆಯಲ್ಲಿ ನಿಧಾನಕ್ಕೆ ಬೆಂದದ್ದು.

ಎರಡಕ್ಕೂ ತುಂಬ ವ್ಯತ್ಯಾಸ ಇದೆ. ಸುಡುವಾಗ 200 ಡಿಗ್ರಿ ದಾಟಿದರೂ ನಡೆಯುತ್ತದೆ, ಹತ್ತಿಪ್ಪತ್ತು ನಿಮಿಷದ ಕೆಲಸ. ಹೊಗೆ ಹಾಕಲು 105ರಿಂದ 125 ಡಿಗ್ರಿಯ ಒಳಗೆ ಗಂಟೆಗಟ್ಟಲೆ ನಿಲ್ಲಬೇಕು. ಹೊಗೆ ಹಾಕಲೆಂದೇ ಸಿಗುವ ರೆಡಿ ಸ್ಮೋಕರಿನ ಬೆಲೆ ನೋಡಿ ಸುಮ್ನಾದೆ. ಡಿಸೆಂಬರಿನಿಂದ ಮೇ ತನಕ ಸಿಕ್ಕಿದ ಭಾನುವಾರಗಳಲ್ಲಿ ಮೂರು ದಾರಿ ಮಾಡಿ ನೋಡಿದೆ. ಮೂರರಲ್ಲೂ ಬೇಯಿಸಿದ್ದು ಒಂದೇ: ದಕ್ಕೆಯಿಂದ (ಮೀನು ಇಳಿಸುವ ಬಂದರು) ತಂದ ಬಂಗುಡೆ, ಕೋಳಿ ಕಾಲು, ಒಂದೂವರೆ ಕೆಜಿ ಹಂದಿ ಭುಜದ ತುಂಡು.

ಮೊದಲು ಕೆಟಲನ್ನು ಇದ್ದ ಹಾಗೇ ಬಳಸಿದೆ. ದೊಡ್ಡ ಗ್ರಿಲ್ ಇರುವವರು ಇದ್ದಿಲನ್ನು ಒಂದು ಬದಿಗೆ ಸರಿಸಿ ಇನ್ನೊಂದು ಬದಿಗೆ ಮಾಂಸ ಇಡುತ್ತಾರೆ. 14 ಇಂಚಿನಲ್ಲಿ "ಇನ್ನೊಂದು ಬದಿ" ಎನ್ನುವುದೇ ಇಲ್ಲ! ಕೆಂಡದಿಂದ ನಾಲ್ಕು ಬೆರಳು ದೂರದಲ್ಲಿ ಕೋಳಿ ಕಾಲು. ಅರ್ಧ ಗಂಟೆಯಲ್ಲಿ 180 ಡಿಗ್ರಿ. ಗಾಳಿ ಬರುವ ತೂತು ಮುಚ್ಚಿದರೆ ಕೆಂಡ ಉಸಿರುಗಟ್ಟಿ ದಟ್ಟ ಬಿಳಿ ಹೊಗೆ ಬಿಟ್ಟಿತು, ಕೋಳಿ ಕಹಿಯಾಯಿತು. ಮುಂದಿನ ವಾರ ಇದ್ದಿಲನ್ನು ಬಟ್ಟಲಿನ ಅಂಚಿಗೆ ಹಾವಿನ ಹಾಗೆ ಸಾಲಾಗಿ ಜೋಡಿಸಿ ಒಂದು ತುದಿಗೆ ಬೆಂಕಿ ಕೊಟ್ಟೆ. ಇದು ಪರವಾಗಿಲ್ಲ. ಆದರೆ ಒಂದೇ ಅಳತೆಯ ಬ್ರಿಕೆಟ್ (ಅಚ್ಚೊತ್ತಿದ ಇದ್ದಿಲುಂಡೆ) ಇದ್ದರೆ ಮಾತ್ರ ಸಾಲು ಸರಿಯಾಗಿ ಉರಿಯುತ್ತದೆ. ಗೆರಟೆ (ತೆಂಗಿನ ಚಿಪ್ಪು) ಇದ್ದಿಲು ಹಾಕಿದರೆ ಬೆಂಕಿ ನಡುವೆ ಎರಡು ತುಂಡು ಬಿಟ್ಟು ಹಾರುತ್ತದೆ.

ಹಾಗಂತ ಇದನ್ನು ತಳ್ಳಿಹಾಕಬೇಡಿ. ಬಂಗುಡೆ ಮೂರೂ ವಿಧಾನಗಳಲ್ಲಿ ಅತ್ಯಂತ ಚೆನ್ನಾಗಿ ಬಂದದ್ದು ಇಲ್ಲೇ. ಕಾರಣ ಸರಳ, ಮೀನಿಗೆ ಮುಕ್ಕಾಲು ಗಂಟೆ ಸಾಕು, ಅಷ್ಟು ಹೊತ್ತು ಹಾವು ತಾಳುತ್ತದೆ. ಲೀಟರ್ ನೀರಿಗೆ 60 ಗ್ರಾಂ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಒಣಗಿಸಿದೆ. ಮೈ ಸ್ವಲ್ಪ ಅಂಟಂಟಾಗಬೇಕು, ಆಗಲೇ ಹೊಗೆ ಹಿಡಿಯುವುದು. ಒದ್ದೆ ಮೀನಿಗೆ ಹೊಗೆ ಹಿಡಿಯದೆ ಮಸಿ ಬಳಿದಂತಾಗುತ್ತದೆ. ಅಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಅಟ್ಟದ ವಾಸನೆ ಅಲ್ವಾ?" ಅಂದರು. ಅವರ ತವರಿನಲ್ಲಿ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲಕ್ಕೆ ಒಣಮೀನು ಇಡುತ್ತಿದ್ದರಂತೆ. ನಾನು ಆರು ತಿಂಗಳು ಒದ್ದಾಡಿದ್ದಕ್ಕೆ ಅವರು ಒಂದೇ ಮಾತಲ್ಲಿ ಅಜ್ಜಿ ಮನೆಯ ಹೆಸರಿಟ್ಟರು.

ಹಂದಿ ತುಂಡು ಮಾತ್ರ ಇದರಲ್ಲಿ ಆಗುವ ಮಾತಲ್ಲ. ನಾಲ್ಕು ಗಂಟೆಯಲ್ಲಿ ಐದು ಸಲ ಮುಚ್ಚಳ ತೆಗೆದು ಇದ್ದಿಲು ಹಾಕಿದೆ, ಕೊನೆಗೆ ಕುಕ್ಕರಿಗೆ ಹೋಯಿತು.

ಗುಜರಿ ಪಾತ್ರೆ

ಎರಡನೇ ದಾರಿ, ಕೆಟಲಿನ ಬಟ್ಟಲಿಗೂ ಮುಚ್ಚಳಕ್ಕೂ ನಡುವೆ ಒಂದು ಎತ್ತರದ ಪಾತ್ರೆ ಕೂರಿಸುವುದು. ಕೆಳಗೆ ಬೆಂಕಿ, ಮೇಲೆ ಮಾಂಸ, ನಡುವೆ ಒಂದಡಿ ದೂರ. ಅಮೆರಿಕದಲ್ಲಿ ಇದನ್ನು ತಮಾಲೆ (ಮೆಕ್ಸಿಕೋದ ಜೋಳದ ಕಡುಬು) ಬೇಯಿಸುವ ದೊಡ್ಡ ಪಾತ್ರೆಯಲ್ಲಿ ಮಾಡುತ್ತಾರೆ. ಕೆಟಲ್ ಗ್ರಿಲ್ ಹುಟ್ಟಿದ್ದೂ ಇಂಥದ್ದೇ ಕತ್ತರಿಸಿ ಕೂರಿಸುವ ಕೆಲಸದಿಂದ. 1952ರಲ್ಲಿ ಷಿಕಾಗೋ ಕಡೆಯ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ಹಡಗುಗಳಿಗೆ ಗುರುತಾಗಿ ನೀರಲ್ಲಿ ತೇಲಿಬಿಡುವ ಲೋಹದ ಗುಂಡನ್ನು ಅರ್ಧಕ್ಕೆ ಕತ್ತರಿಸಿ ಮೊದಲನೆಯದನ್ನು ಮಾಡಿದ್ದ. ಬಂದರಿನ ಊರಿನವರಾದ ನಮಗೆ ಇದು ಹೊಳೆಯದೆ ಹೋಯಿತಲ್ಲ!

ಬಂದರು ಕಡೆಯ ಗುಜರಿ ಅಂಗಡಿಗೆ ಟೇಪು ಹಿಡಿದು ಹೋದೆ. ಅಲ್ಲಿ ಮೊದಲು ತೋರಿಸಿದ್ದು ಒಂದು ದೊಡ್ಡ ಜಿಐ ಬಕೆಟ್, 150 ರೂಪಾಯಿ. ಅಳತೆ ಹೆಚ್ಚುಕಡಿಮೆ ಸರಿಯಿತ್ತು, ತೆಗೆದುಕೊಂಡೇ ಬಿಟ್ಟೆ. ತಳ ಕತ್ತರಿಸಲು ವೆಲ್ಡಿಂಗ್ ಶಾಪಿಗೆ ಒಯ್ದರೆ ಅಲ್ಲಿನ ಅಣ್ಣ ಬಕೆಟ್ ಮುಟ್ಟಲೇ ಇಲ್ಲ.

"ಇದರಲ್ಲಿ ಅಡುಗೆಯಾ? ಜಿಐ ವೆಲ್ಡ್ ಮಾಡಿದ ರಾತ್ರಿ ನಮಗೇ ನಡುಕ ಜ್ವರ ಬರ್ತದೆ. ವಾಪಸ್ ಕೊಡಿ."

ಅವರು ಹೇಳಿದ್ದು ಸರಿ. ಜಿಐ ಅಂದರೆ ಕಬ್ಬಿಣಕ್ಕೆ ಸತುವಿನ ಲೇಪ. ಅದು ಜಾಸ್ತಿ ಕಾದರೆ ಸತುವಿನ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದರೆ ಜ್ವರ. ಹುಳಿ ಹಾಕಿದ ಮಸಾಲೆ ತಾಗಿದರೂ ಸತು ಬಿಡುತ್ತದೆ. ಬಣ್ಣ ಬಳಿದ ಡ್ರಮ್ಮೂ ಬೇಡ. ಗುಜರಿಯವನು ಬಕೆಟಿಗೆ ನೂರು ರೂಪಾಯಿ ವಾಪಸ್ ಕೊಟ್ಟ, ಐವತ್ತು ರೂಪಾಯಿ ಪಾಠದ ಫೀಸು.

ಅದೇ ಅಂಗಡಿಯಲ್ಲಿ ಕೇಟರಿಂಗಿನವರು ಮಾರಿದ್ದ ದಪ್ಪ ಅಲ್ಯೂಮಿನಿಯಂ ಪಾತ್ರೆ ಸಿಕ್ಕಿತು. ತೂಕದ ಲೆಕ್ಕ, 640 ರೂಪಾಯಿ ಆಯಿತು. ಬಾಯಿ ಹೆಚ್ಚುಕಡಿಮೆ 36 ಸೆಂಟಿಮೀಟರ್, ಎತ್ತರ 32. ಕೆಟಲಿನ ಮುಚ್ಚಳ ಇಟ್ಟರೆ ಟಕ್ ಅಂತ ಕೂತಿತು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಆದ್ದರಿಂದ ಕೆಂಡ ನೇರವಾಗಿ ತಾಗದಂತೆ ನೋಡಿಕೊಂಡರೆ ಸಾಕು. ವೆಲ್ಡಿಂಗ್ ಅಣ್ಣ ತಳವನ್ನು ಪೂರ್ತಿ ತೆಗೆಯದೆ ಅಂಚಿನಲ್ಲಿ ಒಂದೂವರೆ ಇಂಚಿನ ಬಳೆ ಉಳಿಸಿ ಕತ್ತರಿಸಿದರು. ಆ ಬಳೆಯೇ ಎಲ್ಲದಕ್ಕೂ ಆಧಾರ. ಪಾತ್ರೆ ಬಟ್ಟಲಿನ ಮೇಲೆ ಕೂರುವುದೂ ಅದರಿಂದ, ಬೆಂಕಿಗೆ ಅಡ್ಡ ಇಡುವ ಹೆಂಚು ನಿಲ್ಲುವುದೂ ಅದರ ಮೇಲೆ. ಬಾಯಿಯಿಂದ ಎರಡು ಇಂಚು ಕೆಳಗೆ ಮೂರು ಸ್ಟೀಲ್ ಬೋಲ್ಟ್, ಅದರ ಮೇಲೆ ಕೆಟಲಿನದೇ ಜಾಲರಿ. ಆರು ಇಂಚು ಕೆಳಗೆ ಇನ್ನೂ ಮೂರು ಬೋಲ್ಟ್, ಎರಡನೇ ಜಾಲರಿಗೆ. ಥರ್ಮಾಮೀಟರಿನ ತಂತಿಗೆ ಜಾಲರಿಯ ಮಟ್ಟದಲ್ಲೇ ಒಂದು ತೂತು. ಮುಚ್ಚಳದ ಮೇಲೆ ಚುಚ್ಚಿದರೆ ಅದು ತೋರಿಸುವ ಲೆಕ್ಕವೇ ಬೇರೆ.

ಹೆಂಚಿನ ವಿಷಯ ಸ್ವಲ್ಪ ಹೇಳಲೇಬೇಕು. ಕೆಂಡದ ಝಳ ನೇರ ಮಾಂಸಕ್ಕೆ ಹೊಡೆಯದಂತೆ ನಡುವೆ ಏನಾದರೂ ಅಡ್ಡ ಬೇಕು. ಹೊರಗಿನವರು ಹೂಕುಂಡದ ತಟ್ಟೆ ಇಡುತ್ತಾರೆ. ನಮ್ಮ ಹಿತ್ತಿಲಿನಲ್ಲಿ ಕೊಟ್ಟಿಗೆ ಬಿಚ್ಚಿದ ಮಂಗಳೂರು ಹೆಂಚಿನ ರಾಶಿಯೇ ಇರುವಾಗ ತಟ್ಟೆಗೆ ಯಾಕೆ ದುಡ್ಡು? 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹೆಂಚು ಮಾಡಲು ಶುರು ಮಾಡಿದ್ದು ಮಾಡಿಗೆ ಹಾಕಲು. ನಾನು ಅದನ್ನು ಸುತ್ತಿಗೆಯಲ್ಲಿ ಒಡೆದು ಫಾಯಿಲ್ ಸುತ್ತಿ ಹಂದಿಯ ಕೆಳಗೆ ಇಟ್ಟೆ. ಮೊದಲ ದಿನ ಹತ್ತು ನಿಮಿಷಕ್ಕೆ ಒಳಗಿನಿಂದ ಟಪ್ ಅಂತ ಶಬ್ದ. ಬಿಚ್ಚಿ ನೋಡಿದರೆ ಹೆಂಚು ಎರಡು ಭಾಗ. ವರ್ಷಗಟ್ಟಲೆ ಮಳೆ ಕುಡಿದ ಹೆಂಚು, ಒಳಗಿನ ನೀರು ಆವಿಯಾಗಿ ಸೀಳಿತ್ತು. ಈಗ ಎರಡು ದಿನ ಬಿಸಿಲಿಗೆ ಇಟ್ಟು, ಮೊದಲ ಸಲ ಸಣ್ಣ ಉರಿಯಲ್ಲಿ ಕಾಯಿಸಿ ಬಳಸುತ್ತೇನೆ. ಅದೇ ತುಂಡು ಫೆಬ್ರವರಿಯಿಂದ ಇದೆ.

ಬೆಂಕಿ ಹಾಕುವುದೂ ಬೇರೆ ರೀತಿ. ಬಟ್ಟಲಿಗೆ ಒಂದೂವರೆ ಕೆಜಿ ಹತ್ತದ ಇದ್ದಿಲು, ಅದರ ಮೇಲೆ ಚೆನ್ನಾಗಿ ಹತ್ತಿದ ಎಂಟು ಹತ್ತು ತುಂಡು ಮಾತ್ರ. ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹತ್ತುತ್ತಾ ಹೋಗುತ್ತದೆ. ಮುಚ್ಚಳದ ತೂತು ಪೂರ್ತಿ ತೆರೆದೇ ಇರಲಿ, ಹತೋಟಿ ಎಲ್ಲ ಕೆಳಗಿನ ತೂತಿನಲ್ಲಿ. ನಲವತ್ತು ನಿಮಿಷದಲ್ಲಿ 112 ಡಿಗ್ರಿಗೆ ಬಂದು ನಿಂತಿತು. ಮೂರೂವರೆ ಗಂಟೆ ನಾನು ಅದನ್ನು ಮುಟ್ಟಲಿಲ್ಲ. ಪೇಪರ್ ಓದಿದೆ, ಊಟ ಮಾಡಿದೆ, ಒಂದು ಸಣ್ಣ ನಿದ್ದೆಯೂ ಆಯಿತು. ಆಮೇಲೆ ಇದ್ದಕ್ಕಿದ್ದಂತೆ 90ಕ್ಕೆ ಇಳಿಯಿತು. ಬೂದಿ ಕೆಳಗಿನ ತೂತು ಕಟ್ಟಿತ್ತು, ಅಷ್ಟೆ. ಬಗ್ಗಿಸಿದ ಕಬ್ಬಿಣದ ತಂತಿಯಿಂದ ಎರಡು ಸಲ ಕೆದಕಿದರೆ ಮತ್ತೆ ಏರುತ್ತದೆ.

ಹಂದಿ ಭುಜಕ್ಕೆ ಹಿಂದಿನ ರಾತ್ರಿ ಉಪ್ಪು, ಬಫಾತ್ ಪುಡಿ (ಬಫಾತ್ ಎಂಬ ಹಂದಿ ಸಾರಿಗೆ ಹಾಕುವ ಮಸಾಲೆ) ಸವರಿ ಇಟ್ಟಿದ್ದೆ. ಪುಡಿ ಕೊಟ್ಟವರು ಪಕ್ಕದ ಮನೆಯ ಬಾಯಮ್ಮ. ಮಾಂಸದ ಒಳಗೆ 68 ಡಿಗ್ರಿ ಆಗುವವರೆಗೆ ಬೇಗ ಏರಿತು, ಅಲ್ಲಿಂದ ಎರಡು ಗಂಟೆ ಅಲುಗಾಡಲಿಲ್ಲ. ಇದು ಎಲ್ಲರಿಗೂ ಆಗುವುದೇ. ನಮಗೆ ಬೆವರು ಆರುವಾಗ ಮೈ ತಣ್ಣಗಾಗುವುದಿಲ್ಲವಾ, ಹಾಗೆ ಮಾಂಸದ ಮೇಲಿನ ನೀರು ಆರುತ್ತಾ ಅದನ್ನು ತಂಪಾಗಿಡುತ್ತದೆ. ಬೇಲಿಯಾಚೆಯಿಂದ ಬಾಯಮ್ಮ ಮೂರನೇ ಸಲ ಇಣುಕಿದರು.

"ಇನ್ನೂ ಆಗ್ಲಿಲ್ವಾ ಮಗಾ? ಗ್ಯಾಸಲ್ಲಿ ಇಟ್ಟಿದ್ರೆ ಬಫಾತ್ ಆಗಿ, ತಿಂದು, ಪಾತ್ರೆ ತೊಳೆದೂ ಆಗ್ತಿತ್ತು."

ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ, ಮೇಲಿಂದ ಫಾಯಿಲ್ ಹೊದಿಸಿದೆ. ನೀರು ಆರುವುದು ನಿಂತಿತು, ಬಿಸಿ ಏರಿತು. ಒಟ್ಟು ಏಳು ಗಂಟೆಯಲ್ಲಿ 93 ಡಿಗ್ರಿ. ಎಲುಬು ಹಿಡಿದು ಎಳೆದರೆ ಕೈಗೆ ಬಂತು, ಮಾಂಸ ಎಳೆ ಎಳೆಯಾಗಿ ಬಿಟ್ಟಿತು. ಸಂಜೆ ಬಾಯಮ್ಮ ಸನ್ನ (ಅಕ್ಕಿಯ ಇಡ್ಲಿಯಂಥದ್ದು) ತಂದರು. ಆಮೇಲೆ ಗ್ಯಾಸಿನ ಮಾತು ತೆಗೆಯಲಿಲ್ಲ.

ಕೋಳಿ ಕಾಲು ಇದರಲ್ಲಿ ಚೆನ್ನಾಗಿ ಬೇಯುತ್ತದೆ, ಒಳಗೆ 74 ದಾಟಿದರೆ ತಿನ್ನಬಹುದು. ಆದರೆ ಚರ್ಮ ರಬ್ಬರಿನ ಹಾಗೆ ಆಗುತ್ತದೆ. ಕೊನೆಗೆ ಪಾತ್ರೆ ಎತ್ತಿಟ್ಟು ಐದು ನಿಮಿಷ ನೇರ ಕೆಂಡದ ಮೇಲೆ ಸುಟ್ಟರೆ ಸರಿ.

ಎರಡು ಹೂಕುಂಡ

ಮೂರನೆಯದು ಕೆಟಲೇ ಬೇಡದ ದಾರಿ. ಎರಡು ದೊಡ್ಡ ಮಣ್ಣಿನ ಹೂಕುಂಡ, ಬಾಯಿಗೆ ಬಾಯಿ. ಕೆಳಗಿನದರ ತಳದ ತೂತಿನಿಂದ ಗಾಳಿ ಬರಲು ಮೂರು ಇಟ್ಟಿಗೆಯ ಮೇಲೆ ಕೂರಿಸಬೇಕು, ಮೇಲಿನದರ ತೂತಿನಿಂದ ಹೊಗೆ ಹೋಗುತ್ತದೆ. ಎಲ್ಲಕ್ಕಿಂತ ಅಗ್ಗ, ನೋಡಲೂ ಚಂದ. ಮಣ್ಣು ಒಂದು ಸಲ ಕಾದರೆ ಬಿಸಿಯನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಅಂದರೆ, ಇದ್ದಿಲು ಪಾತ್ರೆಗೆ ಹಾಕಿದ್ದರ ಅರ್ಧ ಸಾಕಾಯಿತು. ಕೋಳಿ ಇದರಲ್ಲೇ ಹೆಚ್ಚು ರಸವಾಗಿ ಬಂದದ್ದು, ಸುಳ್ಳು ಹೇಳಲಾರೆ.

ಆದರೆ ಇದ್ದಿಲು ಹಾಕಬೇಕಾದರೆ ಬಿಸಿ ಬಿಸಿ ಕುಂಡವನ್ನು ಎತ್ತಬೇಕು. ಭಾವ ಒಂದು ಕಡೆ, ನಾನು ಒಂದು ಕಡೆ, ಒದ್ದೆ ಗೋಣಿ ಹಿಡಿದು. ಗೋಣಿ ಒದ್ದೆ ಮಾಡಿದ್ದೇ ತಪ್ಪು. ಆವಿ ಕೈಗೆ ಹೊಡೆಯಿತು, ಕುಂಡದ ಅಂಚಿಗೆ ತಣ್ಣೀರು ತಾಗಿ ಬಾಯಿಂದ ತಳದವರೆಗೆ ಬಿರುಕು ಬಿತ್ತು. ಅದಕ್ಕೆ ತಂತಿ ಬಿಗಿದು ಅಮ್ಮ ಮಲ್ಲಿಗೆ ನೆಟ್ಟಿದ್ದಾರೆ.

ಇದ್ದಿಲು, ಹೊಗೆ

ಇದ್ದಿಲಿನಲ್ಲೂ ಆಯ್ಕೆ ಇದೆ. ಗೆರಟೆ ಇದ್ದಿಲು ನಮ್ಮಲ್ಲಿ ಸುಲಭ, ಬಿಸಿ ಜಾಸ್ತಿ. ಆದರೆ ತೆಳು ತುಂಡುಗಳು ಒಂದರ ಮೇಲೊಂದು ಕೂತು ಗಾಳಿ ಕಟ್ಟುತ್ತವೆ. ಮರದ ಇದ್ದಿಲಿನ ಜೊತೆ ಅರ್ಧ ಅರ್ಧ ಬೆರೆಸಿದರೆ ಪಾತ್ರೆಗೆ ಸರಿ ಹೋಗುತ್ತದೆ. ಹಾವಿನ ಸಾಲಿಗೆ ಮಾತ್ರ ಬ್ರಿಕೆಟ್ಟೇ ಆಗಬೇಕು. ಹೊಗೆಗೆ ನಾನು ಹಾಕುವುದು ಒಣಗಿದ ಪೇರಳೆ ಕೊಂಬೆ, ಹೆಬ್ಬೆರಳು ದಪ್ಪದ ಮೂರು ತುಂಡು. ಮಾವೂ ಆಗುತ್ತದೆ. ತೆಂಗಿನ ಸಿಪ್ಪೆ ಹಾಕಿ ನೋಡಿದೆ, ಸೊಳ್ಳೆ ಓಡಿಸಲು ಒಳ್ಳೆಯದು, ಮೀನಿಗೆ ಕಹಿ. ಗೇರುಬೀಜದ ಸಿಪ್ಪೆ ಊರಲ್ಲಿ ಉರುವಲಾಗಿ ಸಿಗುತ್ತದೆ ಅಂತ ಯಾರೂ ಇದಕ್ಕೆ ಹಾಕಬೇಡಿ. ಅದರ ಎಣ್ಣೆ ಕೈಗೆ ತಾಗಿದರೇ ಚರ್ಮ ಸುಡುತ್ತದೆ. ಹೊಗೆ ತೆಳ್ಳಗೆ, ಕಂಡೂ ಕಾಣದ ನೀಲಿಯಾಗುವವರೆಗೆ ಮಾಂಸ ಇಡಬಾರದು.

ಈಗ ನನ್ನನ್ನು ಕೇಳಿದರೆ, ಮೀನು ಮಾತ್ರ ಸಾಕು ಅನ್ನುವವರು ಪಾತ್ರೆ ಹುಡುಕಿ ಗುಜರಿ ಅಲೆಯಬೇಕಾಗಿಲ್ಲ. ಕೆಟಲ್, ಒಂದು ಚೀಲ ಬ್ರಿಕೆಟ್, ಮುಗಿಯಿತು. ಫ್ಲ್ಯಾಟಿನಲ್ಲಿರುವ ನನ್ನ ತಮ್ಮನಿಗೂ ಅದನ್ನೇ ಹೇಳಿದ್ದೇನೆ, ಟೆರೇಸಿಗೆ ಒಯ್ಯುವುದಾದರೆ. ಬಾಗಿಲು ಹಾಕಿದ ಬಾಲ್ಕನಿಯಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಜೀವಕ್ಕೇ ಅಪಾಯ. ಕುಂಡ ಒಂದು ದಿನದ ಮೋಜಿಗೆ. ನನ್ನ ಮನೆಯಲ್ಲಿ ಉಳಿದದ್ದು ಪಾತ್ರೆ. ಕತ್ತರಿಸುವ ಕೂಲಿ, ಬೋಲ್ಟ್, ಎರಡನೇ ಜಾಲರಿ ಎಲ್ಲ ಸೇರಿ 1,300 ರೂಪಾಯಿ ಒಳಗೇ ಆಯಿತು. ಬೇಡದ ದಿನ ಪಾತ್ರೆ ಎತ್ತಿಟ್ಟರೆ ಮತ್ತೆ ಮಾಮೂಲಿ ಗ್ರಿಲ್.

ದೂರು ಇಲ್ಲದೆ ಇಲ್ಲ. ಬಟ್ಟಲಿಗೂ ಪಾತ್ರೆಗೂ ನಡುವೆ ಒಂದು ಕಡೆ ಬೆರಳು ತೂರುವಷ್ಟು ಸಂದಿ ಇದೆ, ಅಲ್ಲಿಂದ ಗಾಳಿ ನುಗ್ಗಿ ಆ ಬದಿಯ ಕೆಂಡ ಬೇಗ ಉರಿಯುತ್ತದೆ. ಸದ್ಯಕ್ಕೆ ಫಾಯಿಲ್ ಉಂಡೆ ತುರುಕಿದ್ದೇನೆ. ಜೂನ್ ಒಂದಕ್ಕೆ ಟ್ರಾಲ್ ಬೋಟುಗಳು ದಡ ಸೇರುತ್ತವೆ, ಜುಲೈ ಮುಗಿಯುವವರೆಗೆ ದೊಡ್ಡ ಮೀನುಗಾರಿಕೆ ಇಲ್ಲ, ಇದ್ದಿಲೂ ಮಳೆಗೆ ಥಂಡಿ ಹಿಡಿಯುತ್ತದೆ. ಆ ಎರಡು ತಿಂಗಳಲ್ಲಿ ವೆಲ್ಡಿಂಗ್ ಅಣ್ಣನ ಹತ್ತಿರ ಒಂದು ಸ್ಟೀಲ್ ಪಟ್ಟಿ ಸುತ್ತಿಸಬೇಕು. "ಈ ಸಲ ಜಿಐ ತರಬೇಡಿ" ಅಂತ ಅವರು ಈಗಲೇ ಹೇಳಿಟ್ಟಿದ್ದಾರೆ.