ಊರಿನ ಅಂಚೆ, ಪೇಟೆಯ ಕೊರಿಯರ್, ಬ್ಯಾಂಕ್: ಎಲ್ಲವನ್ನೂ ಬಳಸಿ ನೋಡಿದ ಮೇಲೆ

ಹಳ್ಳಿಯ ಸಣ್ಣ ಅಂಚೆ ಕಚೇರಿಗಳಿಂದ ನಷ್ಟ, ಪಕ್ಕದೂರಿನದಕ್ಕೆ ಸೇರಿಸಿಬಿಡಬೇಕು ಎಂಬ ಮಾತು ಆಗಾಗ ಏಳುತ್ತದೆ. ಕೊರಿಯರ್ ಇದೆ, ಬ್ಯಾಂಕ್ ಇದೆ, ಫೋನಿನಲ್ಲೇ ದುಡ್ಡು ಹೋಗುತ್ತದೆ, ಇನ್ನು ಅಂಚೆ ಯಾಕೆ ಅಂತ ಕೇಳುವವರೂ ಇದ್ದಾರೆ. ನಮ್ಮದು ಕೊಡಗಿನ ಕಕ್ಕಬ್ಬೆ ಕಡೆ, ತಡಿಯಂಡಮೋಳ್ ಬೆಟ್ಟದ ಬುಡ. ಇವೆಲ್ಲವನ್ನೂ ಇಲ್ಲಿದ್ದುಕೊಂಡೇ ಬಳಸಿದ್ದೇನೆ. ಅಂಚೆ ಮುಚ್ಚಿದರೆ ಅದರ ಕೆಲಸ ಬೇರೆ ಯಾರೂ ಮಾಡುವುದಿಲ್ಲ.

ಮೊದಲು ಪಾರ್ಸೆಲ್. ನನ್ನ ಅಕ್ಕನ ಮಗ ಸೈನ್ಯದಲ್ಲಿದ್ದಾನೆ. ಅವನ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ. ಯೂನಿಟ್ ಹೆಸರು, ಕೊನೆಗೆ 56 ಎಪಿಒ, ಅಷ್ಟೆ. ಕಾಫಿಪುಡಿ, ಕರಿಮೆಣಸು ಕಟ್ಟಿಕೊಂಡು ಪೇಟೆಯ ಒಂದು ಕೊರಿಯರ್ ಅಂಗಡಿಗೆ ಹೋದೆ. ಪಿನ್‌ಕೋಡ್ ಹಾಕಿ ನೋಡಿದವರು "ಇದು ನಮ್ಮಲ್ಲಿ ಹೋಗಲ್ಲ" ಎಂದರು. ಅವರನ್ನು ದೂರುವ ಹಾಗಿಲ್ಲ. ಎಪಿಒ ಅಂದರೆ ಸೈನ್ಯದ ಅಂಚೆ, ಅಲ್ಲಿಗೆ ಅಂಚೆ ಮೂಲಕವೇ ಹೋಗಬೇಕು. ಮನೆಗೊಬ್ಬರು ಸೈನಿಕರಿರುವ ಕೊಡಗಿನಲ್ಲಿ ಇದೇನು ಸಣ್ಣ ವಿಷಯವಲ್ಲ, ಅಲ್ವಾ? ಅದೇ ಡಬ್ಬವನ್ನು ನಮ್ಮೂರಿನ ಶಾಖಾ ಅಂಚೆಯಲ್ಲಿ ತೂಕ ಹಾಕಿ, ರಸೀದಿ ಕೊಟ್ಟು ಕಳಿಸಿದರು.

ಬೆಂಗಳೂರಿಗಾದರೆ ಕೊರಿಯರ್ ಬೇಗ ಮುಟ್ಟುತ್ತದೆ, ಒಪ್ಪುತ್ತೇನೆ. ಆದರೆ ನಮಗೆ ಬರುವ ಪಾರ್ಸೆಲ್ಲಿನ ಕಥೆ ಬೇರೆ. "ನಿಮ್ಮೂರಿಗೆ ಗಾಡಿ ಬರಲ್ಲ, ಬಂದು ತಗೊಂಡು ಹೋಗಿ" ಅಂತ ಪೇಟೆಯಿಂದ ಫೋನ್ ಬರುತ್ತದೆ. ಅಂಚೆಯವರಿಗೆ ಮನೆ ನಂಬರ್ ಬೇಕಿಲ್ಲ, ಒಕ್ಕದ, ಅಂದರೆ ಮನೆತನದ, ಹೆಸರು ಸಾಕು. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಯಾರಿದ್ದಾರೆ, ಯಾರು ಬಿಟ್ಟು ಹೋದರು ಅನ್ನುವುದೂ ಗೊತ್ತು.

ಹಣದ ವಿಷಯದಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಕಳಿಸುವುದಕ್ಕೆ ಫೋನೇ ಸುಲಭ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ಅದೂ ಇಲ್ಲ, ಅಂಚೆಯ ಹೆಬ್ಬೆಟ್ಟಿನ ಯಂತ್ರವೂ ಆಗ ಸುಮ್ನೆ ಕೂತಿರುತ್ತದೆ. ನಗದು ತೆಗೆಯುವುದು ಬೇರೆ ಪಾಡು. ಪಕ್ಕದ ಲೈನ್‌ಮನೆಯ ಅಜ್ಜಿಯನ್ನು ಪೇಟೆಯ ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಕಾಫಿ ಕುಯ್ದು ಬೆರಳೆಲ್ಲ ಕಪ್ಪು, ಗೆರೆ ಸವೆದಿದೆ. ಯಂತ್ರ ಹೆಬ್ಬೆಟ್ಟು ತೆಗೆದುಕೊಳ್ಳಲಿಲ್ಲ. ಹಿಂದೆ ಸಾಲು ಇತ್ತು, "ನಾಳೆ ಬನ್ನಿ" ಎಂದರು. ಅಂದಿನ ಕೂಲಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು.

ಮರುದಿನ ಊರಿನ ಅಂಚೆಗೆ ಹೋದೆವು. ಪೋಸ್ಟ್ ಮೇಡಂ ಅಜ್ಜಿಯ ಕೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹೆಬ್ಬೆರಳು ಆಗಲಿಲ್ಲ, ತೋರುಬೆರಳೂ ಆಗಲಿಲ್ಲ. ಎಡಗೈಯ ಉಂಗುರದ ಬೆರಳಿಟ್ಟಾಗ ಹಸಿರು ದೀಪ ಬಂತು. ನೋಟುಗಳನ್ನು ಅಜ್ಜಿಗೆ ಕೇಳುವಂತೆ ಒಂದೊಂದಾಗಿ ಎಣಿಸಿ ಕೊಟ್ಟರು. ಅಜ್ಜಿಯ ಖಾತೆ ಅಂಚೆಯದಲ್ಲ, ಬ್ಯಾಂಕಿನದು. 2018ರಲ್ಲಿ ಅಂಚೆ ಪಾವತಿ ಬ್ಯಾಂಕ್ ಶುರುವಾದ ಮೇಲೆ, ಆಧಾರ್ ಜೋಡಿಸಿದ ಯಾವ ಬ್ಯಾಂಕಿನ ಖಾತೆಯಿಂದಲೂ ಹೀಗೆ ತೆಗೆಯಬಹುದು. ಬ್ಯಾಂಕಿಗೆ ಹೋಗಲಾರದವರಿಗೆ ಬ್ಯಾಂಕೂ ಈ ಅಂಚೆಯೇ. ತಿಂಗಳಿಗೆ 100 ರೂಪಾಯಿಯ ಆರ್‌ಡಿ ಉಳಿತಾಯ ಕಟ್ಟಲು ಯಾರು ಪೇಟೆಗೆ ಬಸ್ಸು ಹತ್ತುತ್ತಾರೆ, ಹೇಳಿ.

ಇನ್ನು ನಷ್ಟದ ಮಾತು. ಶಾಖಾ ಅಂಚೆ ತೆರೆಯಲು ಇಲಾಖೆಯೇ ಮಾಡಿಕೊಂಡ ನಿಯಮದಲ್ಲಿ, ಸಾಮಾನ್ಯ ಹಳ್ಳಿಯಲ್ಲಿ ಖರ್ಚಿನ ಮೂರರಲ್ಲೊಂದು ಭಾಗ ಆದಾಯ ಬಂದರೆ ಸಾಕು. ಗುಡ್ಡಗಾಡಿನಲ್ಲಿ ಶೇಕಡಾ 15 ಬಂದರೂ ಸಾಕು. ಅಂದರೆ ಲಾಭ ಬರಲಿ ಅಂತ ಇವನ್ನು ತೆರೆದದ್ದೇ ಅಲ್ಲ. ಖರ್ಚಾದರೂ ಎಷ್ಟು? ದಿನಕ್ಕೆ ನಾಲ್ಕೈದು ಗಂಟೆಯ ಕೆಲಸಕ್ಕೆ, ಈ ಕಚೇರಿ ನಡೆಸುವ ಗ್ರಾಮೀಣ ಡಾಕ್ ಸೇವಕರಿಗೆ ಸಿಗುವುದು ಕಾಯಂ ನೌಕರರ ಸಂಬಳವಲ್ಲ. ಎಷ್ಟೋ ಕಡೆ ಕಚೇರಿ ನಡೆಯುವುದೂ ಅವರದೇ ಮನೆಯ ಒಂದು ಕೋಣೆಯಲ್ಲಿ.

ಪಕ್ಕದೂರು ನಕ್ಷೆಯಲ್ಲಿ ಹತ್ತಿರವೇ ಕಾಣುತ್ತದೆ. ಜುಲೈ ಮಳೆಯಲ್ಲಿ, ಹೊಳೆ ತುಂಬಿ ರಸ್ತೆಗೆ ಮರ ಬಿದ್ದಿರುವಾಗ, ಆ ಅಜ್ಜಿ ಅಲ್ಲಿಗೆ ಹೋಗುವುದು ಹೇಗೆ? ವಿಲೀನದ ಕಾಗದಕ್ಕೆ ಸಹಿ ಹಾಕುವವರು ಮಡಿಕೇರಿಯಿಂದ ಮಳೆಗಾಲದಲ್ಲೇ ಒಮ್ಮೆ ಬಂದು ನೋಡಲಿ. ಕೋಣೆಯದೇ ತೊಂದರೆಯಾದರೆ ಪಂಚಾಯಿತಿ ಕಟ್ಟಡದಲ್ಲಿ ಜಾಗ ಕೇಳಲು ನಾವು ಊರವರೇ ಓಡಾಡುತ್ತೇವೆ.